ಹಳೆಯ ಬುಲೆಟ್‌ಗೆ ಹೊಸ ಬುಲೆಟ್ಟಿನ ಸಿಲಿಂಡರ್ ಹೊಂದುತ್ತದೆಯೇ?

ಉಣಕಲ್ ಸವಾರ:
ನಮ್ಮ ತಂದೆಯವರ 1992ರ ಬುಲೆಟ್ 350 ಈಗ ವಿಪರೀತ ಹೊಗೆ ಬಿಡುತ್ತಿದೆ. 2013ರ ಬುಲೆಟ್ಟಿನ ಅಲ್ಯೂಮಿನಿಯಂ ಸಿಲಿಂಡರ್ ಮತ್ತು ಹೆಡ್ ಕೂಡಿಸಿದರೆ ಸಾಕೆಂದು ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಎರಡೂ 346 ಸಿ.ಸಿ. ಆಗಿರುವುದರಿಂದ ಇದು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಿರಿ.

ಧಾರವಾಡದ ಹಳೇ ಗಾಡಿ:
ಸಾಧ್ಯವಿಲ್ಲ ಸರ್. ಬೋರ್ (ಸಿಲಿಂಡರಿನ ಒಳವ್ಯಾಸ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 90 ಮಿ.ಮೀ. ಎಂಬ ಅಳತೆ ಎರಡರಲ್ಲೂ ಒಂದೇ ಇರುವುದರಿಂದ ಹೀಗೆ ತೋರುತ್ತದೆ, ಅಷ್ಟೆ. ತಮ್ಮ ಗಾಡಿಯ ಎಂಜಿನ್ ಇಂಗ್ಲೆಂಡಿನ ರೆಡಿಚ್‌ನಲ್ಲಿ 1940ರ ದಶಕದ ಕೊನೆಗೆ ರೂಪುಗೊಂಡದ್ದು. ನಮ್ಮ ಸೈನ್ಯವು ಗಡಿ ಕಾವಲಿಗೆ ಬುಲೆಟ್ಟನ್ನು ಆರಿಸಿಕೊಂಡ ಬಳಿಕ, 1955ರಲ್ಲಿ ಅಲ್ಲಿನ ರಾಯಲ್ ಎನ್‌ಫೀಲ್ಡ್ ಕಂಪನಿಯು ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿಸಿತು. ಮುಂದೆ ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋದರೂ ಚೆನ್ನೈನ ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಅದೇ ವಿನ್ಯಾಸದ ಎಂಜಿನ್ ದಶಕಗಳ ಕಾಲ ಹೊರಬರುತ್ತಲೇ ಇತ್ತು. ಅದರಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನಿಂದ ಪ್ರತ್ಯೇಕವಾಗಿದೆ. 2008ರ ನಂತರದ ಯು.ಸಿ.ಇ. (ಯುನಿಟ್ ಕನ್‌ಸ್ಟ್ರಕ್ಷನ್ ಎಂಜಿನ್) ಎಂಬ, ತಾವು ಹೇಳುವ 2013ರ ಗಾಡಿಯಲ್ಲಿರುವ ಎಂಜಿನ್ನಿನಲ್ಲಿ ಎರಡೂ ಒಂದೇ ಕವಚದೊಳಗಿದ್ದು, ವಾಲ್ವ್‌ಗಳನ್ನು ತೆರೆಸುವ ಟ್ಯಾಪೆಟ್‌ಗಳು ಆಯಿಲ್ ಒತ್ತಡದಿಂದ ತಮ್ಮ ಅಂತರವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಹೀಗಾಗಿ ಸಿಲಿಂಡರ್ ಕೂಡುವ ಜಾಗವಾಗಲಿ, ಆಯಿಲ್ ಹರಿಯುವ ದಾರಿಯಾಗಲಿ ತಾಳೆಯಾಗದು.

ಗದಗ ಲೇತ್:
ಇವೆರಡರ ನಡುವೆ ಆಸ್ಟ್ರಿಯದ ಎ.ವಿ.ಎಲ್. ಸಂಸ್ಥೆಯ ನೆರವಿನಿಂದ ಬಂದ ಅಲ್ಯೂಮಿನಿಯಂ ಎಂಜಿನ್ನೂ ಒಂದಿತ್ತು. 2020ರಲ್ಲಿ ಅದೇ ಕಂಪನಿಯ ಮೀಟಿಯರ್ ಬೈಕಿನ ಜೊತೆ ಬಂದು 2023ರಲ್ಲಿ ಬುಲೆಟ್ಟಿಗೂ ಸೇರಿದ ಜೆ-ಸರಣಿಯ ಎಂಜಿನ್ನಿನಲ್ಲಂತೂ ಬೋರ್ 72, ಸ್ಟ್ರೋಕ್ 85.8 ಮಿ.ಮೀ.; ಕೆಳಗಿನಿಂದ ವಾಲ್ವ್‌ಗಳನ್ನು ತಳ್ಳುತ್ತಿದ್ದ ಪುಶ್‌ರಾಡ್ ಹೋಗಿ, ವಾಲ್ವ್ ತೆರೆಸುವ ಕ್ಯಾಮ್ ಹೆಡ್ಡಿಗೇರಿದೆ, ಬ್ಯಾಲೆನ್ಸರ್ ಶಾಫ್ಟ್ ಬಂದು ನಡುಕ ತಗ್ಗಿದೆ. (ನಡುಗದಿದ್ದರೆ ಅದು ಬುಲೆಟ್ಟೇ ಅಲ್ಲವೆಂದು ವಾದಿಸುವವರು ನಮ್ಮ ಕಡೆ ಕಡಿಮೆಯಿಲ್ಲ.)

ತಮ್ಮದು ಎರಕದ ಕಬ್ಬಿಣದ ಸಿಲಿಂಡರ್. ಅದು ಸವೆದರೆ ಬೋರಿಂಗ್ ಮಾಡಿಸಿ (ಒಳಗಿನ ಗೋಡೆ ಕೊರೆಸಿ) ಓವರ್‌ಸೈಜ್, ಅಂದರೆ ತುಸು ದೊಡ್ಡ ಪಿಸ್ಟನ್ ಹಾಕಿಸಬಹುದು. ಹೊಸದನ್ನು ಹುಡುಕುವ ಅಗತ್ಯವೇ ಇಲ್ಲ. ಆದರೆ ಬಿಚ್ಚಿಸುವ ಮೊದಲು ಒಂದು ಪ್ರಶ್ನೆ: ಹೊಗೆ ಯಾವಾಗಲೂ ಬರುತ್ತದೆಯೇ, ಅಥವಾ ಬಹಳ ದಿನ ನಿಂತ ಗಾಡಿಯನ್ನು ಚಾಲೂ ಮಾಡಿದಾಗ ಮಾತ್ರವೇ?

ಉಣಕಲ್ ಸವಾರ:
ಚಾಲೂ ಮಾಡಿದಾಗ ದಟ್ಟವಾಗಿ ಬಂದು, ಒಂದಷ್ಟು ದೂರ ಓಡಿಸಿದ ಮೇಲೆ ನಿಲ್ಲುತ್ತದೆ. ಗಾಡಿ ಬಹುತೇಕ ನಿಂತೇ ಇರುತ್ತದೆ.

ಗದಗ ಲೇತ್:
ಹಾಗಾದರೆ ಸಿಲಿಂಡರನ್ನು ಸದ್ಯ ಮುಟ್ಟಬೇಡಿರಿ. ನಿಂತ ಗಾಡಿಯಲ್ಲಿ ಎಂಜಿನ್ ಆಯಿಲ್ ತನ್ನ ಪಂಪಿನ ಮೂಲಕ ಮೆಲ್ಲಗೆ ಸೋರಿ ಕ್ರ್ಯಾಂಕ್‌ನ ಕೆಳಗೆ ಸೇರಿಕೊಳ್ಳುವುದು ಈ ಎಂಜಿನ್ನಿನ ಹಳೆಯ ಚಾಳಿ. ಹೊಗೆಯಾಗಿ ಹೊರಬರುವುದು ಅದೇ. ಮೊದಲು ಪಂಪನ್ನು ಪರೀಕ್ಷಿಸಲು ಹೇಳಿರಿ.