ಹುಳಿ ಬಿಯರ್: ಕೆಟ್ಟದ್ದಾ, ಬೇಕಂತಲೇ ಮಾಡಿದ್ದಾ?

ಕಾರವಾರದವ: ಬ್ರಸೆಲ್ಸ್‌ನಲ್ಲಿರುವ ಅಳಿಯ ರಜೆಗೆ ಬಂದಾಗ ‘ಗ್ಯೂಜ್’ ಅಂತ ಒಂದು ಬಿಯರ್ ಬಾಟಲಿ ತಂದಿದ್ದ. ಶಾಂಪೇನ್ ಥರ ಬಿರಡೆ. ಕುಡಿದರೆ ಬಿಂಬಲಕಾಯಿ ಹುಳಿ! ಹುರಿದ ಬಂಗಡೆ ಜೊತೆ ಮಾತ್ರ ಸೊಗಸಾಗಿತ್ತು. ಕೆಟ್ಟಿತ್ತಾ?

ಶಿರಸಿ ಮಾಣಿ: ಇಲ್ಲ ಮಾರಾಯ್ರೆ, ಅದರ ರುಚಿಯೇ ಹಾಗೆ. 1, 2, 3 ವರ್ಷ ಮರದ ಪೀಪಾಯಿಯಲ್ಲಿ ಕೂತ ಲ್ಯಾಂಬಿಕ್ ಬಿಯರ್‌ಗಳನ್ನು ಬೆರೆಸುತ್ತಾರೆ. ಹಳೆಯದು ರುಚಿ ಕೊಡುತ್ತದೆ. ಹೊಸದರಲ್ಲಿ ಸಕ್ಕರೆ ಉಳಿದಿರುತ್ತದೆ, ಅದು ಬಾಟಲಿಯೊಳಗೆ ಹುದುಗಿ ನೊರೆ ಬರುತ್ತದೆ. ಲ್ಯಾಂಬಿಕ್‌ಗೆ ಯೀಸ್ಟ್ ಹಾಕುವುದೇ ಇಲ್ಲ. ಕುದಿಸಿದ್ದನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ, ಅಷ್ಟೇ; ಸುತ್ತಲಿನ ಯೀಸ್ಟ್ ತಾನಾಗೇ ಸೇರಿ ಹುದುಗಿಸುತ್ತದೆ. ನಮ್ಮ ಶೇಂದಿಗೆ ಯಾರು ಯೀಸ್ಟ್ ಹಾಕುತ್ತಾರೆ ಹೇಳಿ?

ಕಾಳಿ ದಡ: ಬೆರೆಸುವುದೇ ಅಲ್ಲಿ ಬೇರೆ ಕಸುಬು. ಬ್ರಸೆಲ್ಸ್‌ನ ಆಂಡರ್‌ಲೆಕ್ಟ್‌ನಲ್ಲಿ 1900ರಲ್ಲಿ ಶುರುವಾದ ಕ್ಯಾಂಟಿಯೋನ್ ಅನ್ನುವ ಬಿಯರ್ ಕಂಪನಿ ಕೂಡ ಮೊದಲು ಬೇರೆಯವರ ಲ್ಯಾಂಬಿಕ್ ಕೊಂಡು ಬೆರೆಸುತ್ತಿತ್ತು. ಸ್ವಂತದ್ದು ಕುದಿಸಿದ್ದು 1930ರ ದಶಕದಲ್ಲಿ. ಅದೂ ಚಳಿಗಾಲದಲ್ಲಿ ಮಾತ್ರ. ಸೆಕೆಯಲ್ಲಿ ಬೇಡದ ಸೂಕ್ಷ್ಮಜೀವಿಗಳು ಜಾಸ್ತಿ ಸೇರುತ್ತವೆ.

ಕಾರವಾರದವ: ಹಾಗಾದರೆ ನಮ್ಮೂರಲ್ಲಿ ಆಗದ ಮಾತು ಅಲ್ವಾ! ಇಲ್ಲಿ ರಾತ್ರಿ ಬಿಟ್ಟ ದೋಸೆ ಹಿಟ್ಟೇ ಬೆಳಗ್ಗೆ ಪಾತ್ರೆಯಿಂದ ಹೊರಗಿರುತ್ತದೆ.