ಪ್ರೋಟೀನಿನ ‘ಡೊಮೇನ್’ಗೆ ‘ಅಂಕಣ’ ಎನ್ನಬಹುದೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಪಾಠ ಮಾಡುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿ ಬಂದವರು ಜಾಸ್ತಿ. ಬ್ಯಾಕ್ಟೀರಿಯಾಗಳು ಬೆಳಕನ್ನು ಹೇಗೆ ಗುರುತಿಸುತ್ತವೆ ಅಂತ ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಡೊಮೇನ್’ ಎಂಬ ಪದ ಬಂದಾಗ ಪೆನ್ನು ನಿಂತುಬಿಟ್ಟಿತು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಒಂದೇ ಉದ್ದನೆ ಎಳೆ. ಆ ಎಳೆಯ ಒಂದೊಂದು ಭಾಗ ತನ್ನಷ್ಟಕ್ಕೆ ಮಡಚಿಕೊಂಡು, ತನ್ನದೇ ಆಕಾರ ಪಡೆದು, ತನ್ನದೇ ಕೆಲಸ ಮಾಡುತ್ತದೆ. ಅದೇ ಡೊಮೇನ್. ‘ಕ್ಷೇತ್ರ’ ಎಂದು ಬರೆದರೆ ಮಕ್ಕಳ ತಲೆಗೆ ವಿಧಾನಸಭೆಯೋ ಉಳವಿಯೋ ಬರುತ್ತದೆ. ‘ವಲಯ’ ಎಂದರೆ ದುಂಡಗಿನ ಬಳೆ ಕಾಣುತ್ತದೆ. ‘ಕೋಣೆ’ ಅಂತಲೂ ಬರೆದು ನೋಡಿದೆ. ಆದರೆ ಕೋಣೆಗೆ ಗೋಡೆ ಬೇಕು, ಬಾಗಿಲು ಬೇಕು. ಇಲ್ಲಿ ಗೋಡೆಯೇ ಇಲ್ಲ.

ಹೋದ ತಿಂಗಳು ಹಿರಿಯೂರು ಕಡೆ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಹಳೇ ಮಾಳಿಗೆ ಮನೆ. ಪಡಸಾಲೆಯಲ್ಲಿ ಕೂತು ತೊಲೆ ನೋಡುತ್ತಿದ್ದಾಗ ಮಾವ ಹೇಳಿದರು: “ನಮ್ಮಪ್ಪನ ಕಾಲಕ್ಕೆ ಇದು ಮೂರಂಕಣದ ಮನೆ ಕಣಪ್ಪ. ಆಮೇಲೆ ಇನ್ನೆರಡು ಅಂಕಣ ಸೇರಿಸಿದ್ವಿ.” ಆಗ ಹೊಳೆಯಿತು. ಎರಡು ಕಂಬದ ನಡುವಿನ ಜಾಗ ಅಂಕಣ. ನಡುವೆ ಗೋಡೆ ಇರಬೇಕೆಂದೇನಿಲ್ಲ. ಪಕ್ಕಪಕ್ಕದ ಎರಡು ಅಂಕಣಕ್ಕೆ ಕಂಬ ಒಂದೇ. ಆದರೂ ಇದು ದನ ಕಟ್ಟುವ ಅಂಕಣ, ಇದು ಕಾಳಿನ ಚೀಲ ಇಡುವ ಅಂಕಣ ಅಂತ ಕೆಲಸ ಬೇರೆ ಬೇರೆ. ಬೇಕಾದರೆ ಇನ್ನೊಂದು ಸೇರಿಸಬಹುದು. ನನಗೆ ಬೇಕಿದ್ದ ಅರ್ಥ ಪೂರ್ತಿ ಅದರಲ್ಲೇ ಇತ್ತು.

ಈಗ ನನ್ನ ಟಿಪ್ಪಣಿಗೆ ಇಟ್ಟು ನೋಡುತ್ತೇನೆ. ವಿಕಿರಣಕ್ಕೂ ಜಗ್ಗದ ಡೈನೋಕಾಕಸ್ ರೇಡಿಯೋಡ್ಯೂರನ್ಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಬೆಳಕು ಗುರುತಿಸುವ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ಅದು ನಾಲ್ಕಂಕಣದ ಮನೆ. ಪಾಸ್, ಗ್ಯಾಫ್, ಫೈ ಎಂಬ ಮೊದಲ ಮೂರು ಬೆಳಕಿನ ಕೆಲಸಕ್ಕೆ. ಕೊನೆಯದು ಹಿಸ್ಟಿಡಿನ್ ಕೈನೇಸ್ (ಫಾಸ್ಫೇಟ್ ಕೂಡಿಸುವ ಕಿಣ್ವ) ಬಗೆಯದು. ಮುಂದಿನ ಪ್ರೋಟೀನಿನ ಮೇಲೆ ಫಾಸ್ಫೇಟ್ ಇರಬೇಕೋ ಬೇಡವೋ ಎಂಬುದು ಇತ್ಯರ್ಥವಾಗುವುದು ಅಲ್ಲಿ. ಉದ್ದನೆಯ ಸುರುಳಿಯೊಂದು ತೊಲೆಯ ಹಾಗೆ ಗ್ಯಾಫ್‌ನಿಂದ ಫೈ ಅಂಕಣಕ್ಕೆ ಹಾದುಹೋಗುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಮೊದಲ ಮೂರು ಅಂಕಣ ಹಾಗೇ ಇದ್ದು, ಕೊನೆಯದು ಮಾತ್ರ ಬೇರೆ ಇರುತ್ತದೆ. ಮಾವನ ಮನೆಯೂ ಹಾಗೇ ಬೆಳೆದದ್ದು ಅಲ್ವಾ?

ಬೆಳಕು ಹಿಡಿಯುವುದು ಬಿಲಿವರ್ಡಿನ್ ಎಂಬ ಬಣ್ಣದ ಅಣು. ಮೈಗೆ ಪೆಟ್ಟು ಬಿದ್ದ ಜಾಗ ಕೆಲವು ದಿನಕ್ಕೆ ಹಸಿರಾಗುತ್ತದಲ್ಲ, ಆ ಹಸಿರು ಇದರದೇ. ಅದು ಗ್ಯಾಫ್ ಅಂಕಣದಲ್ಲಿ ಕೂತಿದ್ದರೂ ಅದನ್ನು ಕಟ್ಟಿ ಹಿಡಿದ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರುವುದು ಎಳೆಯ ಆರಂಭದಲ್ಲಿ, 24ನೇ ಜಾಗದಲ್ಲಿ. ಈ ಭಾಗದ ರಚನೆ ಮೊದಲು ಗೊತ್ತಾದದ್ದು 2005ರಲ್ಲಿ. ಆಗ ಎಲ್ಲರಿಗೂ ಅಚ್ಚರಿ ತಂದದ್ದು ಒಂದು ಗಂಟು. ಎಳೆಯ ಆರಂಭದ ತುಂಡು ಗ್ಯಾಫ್ ಅಂಕಣದ ಕುಣಿಕೆಯೊಳಗೆ ತೂರಿ ಹೋಗಿದೆ. ಇಲ್ಲಿ ‘ಗಂಟು’, ‘ಕುಣಿಕೆ’ ಎರಡೂ ಪದ ಬೇಕು. ತೂರಲು ಜಾಗ ಕೊಡುವುದು ಕುಣಿಕೆ, ತೂರಿದ ಮೇಲೆ ಆಗುವುದು ಗಂಟು. ದನದ ಹಗ್ಗ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮಾರು 700 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಬಿದ್ದರೆ ಬಿಲಿವರ್ಡಿನ್‌ನ ತುದಿಯ ಒಂದು ಉಂಗುರ ಹೊರಳುತ್ತದೆ. 750ರ ಹತ್ತಿರದ ದೂರಗೆಂಪು (ಫಾರ್-ರೆಡ್) ಬಿದ್ದರೆ ಮತ್ತೆ ಮೊದಲಿನಂತಾಗುತ್ತದೆ. ಆ ಹೊರಳುವಿಕೆಗೆ ಫೈ ಅಂಕಣದಿಂದ ಚಾಚಿಕೊಂಡ ‘ನಾಲಿಗೆ’ ರೂಪ ಬದಲಿಸುತ್ತದೆ. ಚಪ್ಪಟೆ ಪಟ್ಟಿಯಂತಿದ್ದದ್ದು ಸುರುಳಿಯಾಗುತ್ತದೆ. ಇಲ್ಲಿಂದ ಸುದ್ದಿ ಕೊನೆಯ ಅಂಕಣಕ್ಕೆ. ‘ಸಿಗ್ನಲ್’ಗೆ ‘ಸಂಕೇತ’ ಬಿಟ್ಟು ‘ಸುದ್ದಿ’ ಎಂದು ಬೇಕೆಂದೇ ಬರೆದಿದ್ದೇನೆ. ಸಂಕೇತ ಎಂದರೆ ಮಕ್ಕಳು ರಸಾಯನಶಾಸ್ತ್ರದ ಧಾತುಗಳ ಸಂಕೇತ ಅಂದುಕೊಳ್ಳುತ್ತಾರೆ. ಸುದ್ದಿ ಒಬ್ಬರಿಂದ ಒಬ್ಬರಿಗೆ ಮುಟ್ಟುವಂಥದ್ದು. ‘ರಿಸೆಪ್ಟರ್’ಗೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನಿಗೆ, ಬಳಸುವ ‘ಗ್ರಾಹಕ’ವನ್ನೂ ಕೈಬಿಟ್ಟೆ. ಅದು ಅಂಗಡಿಗೆ ಬರುವವರ ಹೆಸರಾಗಿಹೋಗಿದೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ‘ಅಂಕಣ ಅಂದರೆ ಪತ್ರಿಕೆಯ ಅಂಕಣ ಅಂದ್ಕೋತಾರೆ’ ಎಂದು ತಕರಾರು ತೆಗೆದರು. ತಕರಾರು ಸರಿಯೇ. ಆದರೆ ಪತ್ರಿಕೆಯ ಅಂಕಣವೂ ಒಂದೇ ಹಾಳೆಯಲ್ಲಿ ಅಳೆದು ಬಿಟ್ಟ ಜಾಗವೇ. ಹಾಗಾಗಿ ಅರ್ಥಕ್ಕೆ ಅಡ್ಡಿ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ. ಆರ್‌ಸಿಸಿ ಮನೆಯಲ್ಲೇ ಬೆಳೆದ ಮಕ್ಕಳಿಗೆ ಮಾತ್ರ ಮೊದಲ ಸಲ ಬೋರ್ಡಿನ ಮೇಲೆ ಕಂಬ, ತೊಲೆ ಬರೆದು ತೋರಿಸಬೇಕಾಗುತ್ತದೆ.

ನನಗೆ ನಿಜವಾಗಿ ತೊಡಕಾಗಿರುವುದು ಸಮಾಸದಲ್ಲಿ. ಮೂರಂಕಣ, ನಾಲ್ಕಂಕಣ ಸಲೀಸಾಗಿ ಬರುತ್ತವೆ. ಬೆಳಕು ಹಿಡಿಯುವ ಅಂಕಣಕ್ಕೆ ‘ಬೆಳಕಂಕಣ’ ಎಂದು ಬರೆದರೆ ಓದುವಾಗ ಕಣ್ಣು ‘ಕಂಕಣ’ದ ಮೇಲೆ ಹೋಗಿ ನಿಲ್ಲುತ್ತದೆ. ಸಂಧಿ ಮಾಡದೆ ‘ಬೆಳಕಿನ ಅಂಕಣ’ ಎಂದೇ ಬಿಡಿಸಿ ಬರೆಯಲೇ? ಅಥವಾ ನಿಮ್ಮ ಕಡೆ ಮನೆ ಕಟ್ಟುವವರು ಇಂಥ ಜಾಗಕ್ಕೆ ಬೇರೆ ಪದ ಹೇಳುತ್ತಾರಾ?