ಹಳೇ ಪಿಕಪ್: ಬಿಸಿಯಾದ್ಮೇಲೆ ಫಸ್ಟು, ರಿವರ್ಸು ಬೀಳ್ತಿಲ್ಲ. ಗಿಯರ್ ಬಾಕ್ಸ್ ಇಳಿಸಲೇಬೇಕಾ?

ಯಶವಂತಪುರ ಲೋಡ್:

2009ರ ಡೀಸೆಲ್ ಪಿಕಪ್. ಹೈಡ್ರಾಲಿಕ್ ಕ್ಲಚ್ (ಪೆಡಲ್ ಒತ್ತಿದ್ದು ಬ್ರೇಕ್ ಆಯಿಲ್ ಮೂಲಕ ಕ್ಲಚ್‌ಗೆ ಮುಟ್ಟೋದು), ಕ್ಲಚ್ಚನ್ನ ಬಿಡಿಸೋಕೆ ತಳ್ಳೋ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಹೊರಗಡೆನೇ ಇದೆ. ಯಶವಂತಪುರ ಎಪಿಎಂಸಿ ಯಾರ್ಡಿಂದ ಈರುಳ್ಳಿ, ಆಲೂಗಡ್ಡೆ ಲೋಡು, ಸಿಲ್ಕ್ ಬೋರ್ಡ್ ದಾಟಿ ಹೊಸೂರು ರೋಡ್ ಕಡೆ ಓಡುತ್ತೆ.

ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಗಿಯರ್ ಎಲ್ಲಾ ಸಲೀಸು. ಟ್ರಾಫಿಕ್‌ನಲ್ಲಿ ಒಂದು ಗಂಟೆ ನಿಂತು ನಡೆದ ಮೇಲೆ ಫಸ್ಟ್ ಗಟ್ಟಿ, ರಿವರ್ಸ್ ಹಾಕಿದ್ರೆ ಕರ್ ಅನ್ನುತ್ತೆ. ಪೆಡಲ್ ಎರಡು ಸಲ ಪಂಪ್ ಮಾಡಿದ್ರೆ ಬೀಳುತ್ತೆ. ಇಂಜಿನ್ ಆಫ್ ಮಾಡಿದ್ರೆ ಎಲ್ಲಾ ಗಿಯರ್ ಆರಾಮಾಗಿ ಬೀಳುತ್ತೆ. ಲೋಡ್ ಇದ್ರೂ ಫ್ಲೈಓವರ್ ಹತ್ತುವಾಗ ಕ್ಲಚ್ ಸ್ಲಿಪ್ ಇಲ್ಲ, ಎಳೆತ ಚೆನ್ನಾಗಿದೆ. ರಿಸರ್ವಾಯರ್‌ನಲ್ಲಿ ಆಯಿಲ್ ಕಪ್ಪಾಗಿದೆ, ತಿಂಗಳಿಗೆ ಸ್ವಲ್ಪ ಇಳಿಯುತ್ತೆ. ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಹೋದ ವರ್ಷ ತಾನೇ ಹಾಕಿದ್ದು. ಗ್ಯಾರೇಜಲ್ಲಿ ನೋಡಿದವರು ಗಿಯರ್ ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಹಾಕಬೇಕು ಅಂತಿದ್ದಾರೆ. ಅದಕ್ಕೆ ಮುಂಚೆ ನಾನೇ ನೋಡಬಹುದಾದದ್ದು ಏನಾದ್ರೂ ಇದೆಯಾ?

ಸ್ಪ್ಯಾನರ್ 10-11:

ಇಳಿಸಬೇಡಿ ಸಾರ್, ಸದ್ಯಕ್ಕೆ ಬೇಡ. ನೀವು ಬರೆದಿರೋದು ಕ್ಲಚ್ ಸರಿಯಾಗಿ ಬಿಡ್ತಿಲ್ಲ ಅನ್ನೋ ಲಕ್ಷಣ. ಪ್ಲೇಟ್ ಸವೆದಿದ್ರೆ ಉಲ್ಟಾ ಆಗ್ತಿತ್ತು: ಗಿಯರ್ ಬೀಳ್ತಿತ್ತು, ಎಳೆತ ಇರ್ತಿರಲಿಲ್ಲ. ಪಂಪ್ ಮಾಡಿದ್ರೆ ಸರಿಹೋಗುತ್ತೆ ಅಂದಮೇಲೆ ಮೊದಲ ಅನುಮಾನ ಹೈಡ್ರಾಲಿಕ್ ಮೇಲೇ. ಪೆಡಲ್ ಕಡೆಯಿಂದ ಆಯಿಲ್ ಒತ್ತೋ ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸ್, ಸ್ಲೇವ್, ಈ ಮೂರರಲ್ಲಿ ಒಂದು. ಇಲ್ಲಾ ಗಾಳಿ ಹಿಡಿದಿದೆ.

ಇನ್ನೊಂದು ವಿಷಯ. ಬ್ರೇಕ್‌ನಲ್ಲಿ ಪ್ಯಾಡ್ ಸವೆದಂತೆ ರಿಸರ್ವಾಯರ್ ಮಟ್ಟ ಇಳಿಯೋದು ಸಹಜ. ಹೊರಗೆ ಸ್ಲೇವ್ ಇರೋ ಕ್ಲಚ್‌ನಲ್ಲಿ ಹಾಗಲ್ಲ. ಪ್ಲೇಟ್ ಸವೆದಂತೆ ಫೋರ್ಕ್ (ಕ್ಲಚ್ ಬಿಡಿಸೋ ತೋಳು) ಸ್ಲೇವ್‌ನ ಪಿಸ್ಟನ್ನನ್ನ ಒಳಕ್ಕೇ ತಳ್ಳುತ್ತೆ, ಆಯಿಲ್ ಒಂದಿಷ್ಟು ಮೇಲೇ ಬರಬೇಕು. ಹಾಗಾಗಿ ಮಟ್ಟ ಇಳೀತಿದೆ ಅಂದ್ರೆ ಎಲ್ಲೋ ಸೋರುತ್ತಿದೆ, ಅದರಲ್ಲಿ ಸಂಶಯ ಬೇಡ.

ಮೊದಲು ಕಣ್ಣಿಗೆ ಕಾಣೋದು ನೋಡಿ. ಡ್ರೈವರ್ ಕಡೆ ಮ್ಯಾಟ್ ಎತ್ತಿ, ಪೆಡಲಿಂದ ಫೈರ್‌ವಾಲ್‌ಗೆ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ಹೋಗೋ ಪುಶ್ ರಾಡ್ ಬೂಟ್ ಕೆಳಗೆ ಬೆರಳಾಡಿಸಿ. ಜಿಡ್ಡು ತಾಗಿದ್ರೆ ಮಾಸ್ಟರ್‌ನ ಹಿಂದಿನ ಸೀಲ್ ಹೋಗಿದೆ. ಅಲ್ಲಿ ಪೇಂಟ್ ಸುಕ್ಕುಗಟ್ಟಿ ಎದ್ದಿದ್ರಂತೂ ಬಹಳ ದಿನದಿಂದ ಸೋರುತ್ತಿದೆ ಅಂತ ಅರ್ಥ, ಬ್ರೇಕ್ ಆಯಿಲ್ ಪೇಂಟನ್ನ ತಿನ್ನುತ್ತೆ. ಆಮೇಲೆ ಕೆಳಗೆ ಹೋಗಿ ಸ್ಲೇವ್‌ನ ರಬ್ಬರ್ ಬೂಟ್ ಅಂಚು ಎತ್ತಿ ನೋಡಿ. ಒಳಗೆ ಒಂಚೂರು ತೇವ ಇದ್ರೆ ಪರವಾಗಿಲ್ಲ, ಹನಿ ಬಿದ್ರೆ ಸ್ಲೇವ್ ಕಪ್ (ಪಿಸ್ಟನ್ನಿನ ರಬ್ಬರ್ ಸೀಲ್) ಹೋಗಿದೆ.

ಆಮೇಲೆ ಅಳತೆ. ಇದನ್ನ ಯಾರೂ ಮಾಡಲ್ಲ, ಆದ್ರೆ ಅರ್ಧ ಉತ್ತರ ಇದರಲ್ಲೇ ಇದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಸ್ಲೇವ್‌ನ ಪುಶ್ ರಾಡ್ ಎಷ್ಟು ಹೊರಗೆ ಬಂತು ಅಂತ ಸ್ಟೀಲ್ ಸ್ಕೇಲಲ್ಲಿ ಅಳೀರಿ. ಈ ಸೈಜಿನ ಗಾಡಿಗಳಲ್ಲಿ ಬಹುಪಾಲು 12ರಿಂದ 18 ಮಿ.ಮೀ. ಒಳಗೆ ಬರುತ್ತೆ. ನಿಮ್ಮ ಮಾಡೆಲ್‌ಗೆ ಎಷ್ಟು ಅನ್ನೋದು ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ಇರುತ್ತೆ. ತಣ್ಣಗಿದ್ದಾಗ ಒಂದು ಸಲ, ಬಿಸಿಯಾದ್ಮೇಲೆ ಒಂದು ಸಲ, ಪಂಪ್ ಮಾಡಿ ಮತ್ತೊಂದು ಸಲ. ಬಿಸಿಯಲ್ಲಿ ಅಳೆಯುವಾಗ ಎಕ್ಸಾಸ್ಟ್ ಪೈಪ್ ಪಕ್ಕದಲ್ಲೇ ಇರುತ್ತೆ, ಕೈ ಜೋಪಾನ.

ಕೊನೆಗೆ, ಪೆಡಲ್ ಒತ್ತಿ ಹಿಡಿದು 30 ಸೆಕೆಂಡ್ ಹಾಗೇ ಇರಿ. ಪುಶ್ ರಾಡ್ ತಾನಾಗೇ ನಿಧಾನಕ್ಕೆ ಒಳಗೆ ಜಾರಿದ್ರೆ ಪ್ರೆಶರ್ ಎಲ್ಲೋ ತಪ್ಪಿಸ್ಕೊಳ್ತಿದೆ. ಹೊರಗೆ ಹನಿ ಇಲ್ಲ ಅಂದ್ರೆ ಮಾಸ್ಟರ್ ಒಳಗಿನ ಕಪ್ ಪಕ್ಕದಿಂದ ಆಯಿಲ್ ವಾಪಸ್ ರಿಸರ್ವಾಯರ್‌ಗೆ ಹೋಗ್ತಿದೆ. ಇಂಥ ಕಪ್‌ಗೆ ಒಂದು ಗುರುತಿದೆ: ಪೆಡಲ್ ದಡಕ್ಕನೆ ಒತ್ತಿದ್ರೆ ಕ್ಲಚ್ ಬಿಡುತ್ತೆ, ಮೆಲ್ಲಗೆ ಒತ್ತಿದ್ರೆ ಬಿಡಲ್ಲ. ಜೋರಾಗಿ ಒತ್ತಿದಾಗ ಕಪ್‌ನ ತುಟಿ ಅಗಲಿಸಿ ಗೋಡೆಗೆ ಅಂಟುತ್ತೆ, ಮೆಲ್ಲಗೆ ಒತ್ತಿದಾಗ ಅಂಟಲ್ಲ. ಬಿಸಿಯಲ್ಲಿ ಆಯಿಲ್ ತೆಳುವಾಗೋದರಿಂದ ತೊಂದರೆ ಇನ್ನೂ ಜಾಸ್ತಿ.

ಡಬಲ್ ಡಿಕ್ಲಚ್:

ಮೇಲಿನವರು ಹೇಳಿದ್ದು ಸರಿ, ಆದ್ರೆ ಹೋಸ್ ಬಿಟ್ಟುಬಿಡಬೇಡಿ. ಹದಿನೈದು ವರ್ಷ ದಾಟಿದ ರಬ್ಬರ್ ಹೋಸ್ ಒಳಗೇ ಮೆತ್ತಗಾಗಿ, ಪೆಡಲ್ ಒತ್ತಿದಾಗ ಬಲೂನಿನ ಹಾಗೆ ಊದುತ್ತೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಅನ್ನಿಸುತ್ತೆ, ಸೋರಿಕೆ ಇರಲ್ಲ, ಆದ್ರೆ ಸ್ಲೇವ್‌ಗೆ ಪೂರ್ತಿ ಆಯಿಲ್ ಮುಟ್ಟಲ್ಲ. ಇನ್ನೊಬ್ಬರು ಪೆಡಲ್ ಒತ್ತುವಾಗ ಹೋಸನ್ನ ಮುಷ್ಟಿಯಲ್ಲಿ ಹಿಡ್ಕೊಳ್ಳಿ, ಉಬ್ಬಿದ್ದು ಕೈಗೇ ಗೊತ್ತಾಗುತ್ತೆ.

ಮಾಸ್ಟರಾ ಸ್ಲೇವಾ ಅಂತ ತೀರ್ಮಾನ ಮಾಡೋಕೆ ಕೆಲವರು ಹೋಸನ್ನ ಕ್ಲಾಂಪ್ ಹಾಕಿ ಮುಚ್ಚುತ್ತಾರೆ. ಕ್ಲಾಂಪ್ ಹಾಕಿದ ಮೇಲೂ ಪೆಡಲ್ ಕೆಳಗೆ ಕೂತ್ರೆ ಮಾಸ್ಟರ್; ಗಟ್ಟಿ ನಿಂತ್ರೆ ತೊಂದರೆ ಕೆಳಗಡೆ. ಹಳೇ ಹೋಸ್‌ಗೆ ನಾನಂತೂ ಕ್ಲಾಂಪ್ ಹಾಕಲ್ಲ, ಒಳಪದರ ಬಿರಿದು ಆಮೇಲೆ ಅದೇ ಹೊಸ ಕಾಯಿಲೆ. ಮಾಸ್ಟರ್ ಔಟ್‌ಲೆಟ್‌ನಲ್ಲಿ ಪೈಪ್ ನಟ್ ಬಿಚ್ಚಿ, ಅದೇ ಥ್ರೆಡ್‌ನ ಪ್ಲಗ್ ಹಾಕಿ ಒತ್ತಿ ನೋಡೋದು ವಾಸಿ. ಥ್ರೆಡ್ ಎಂ10×1 ಇರಬಹುದು, 3/8 ಇಂಚ್ ಯುಎನ್‌ಎಫ್ ಇರಬಹುದು. ಎರಡೂ ನೋಡೋಕೆ ಒಂದೇ ಥರ, ಬಲವಂತವಾಗಿ ತಿರುಗಿಸಿದ್ರೆ ಮಾಸ್ಟರ್ ಬಾಡಿ ಥ್ರೆಡ್ ಹೋಗುತ್ತೆ. ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು.

ಹಾಗೇ ಪೆಡಲ್ ಬುಷ್, ಕ್ಲೆವಿಸ್ ಪಿನ್ (ಪೆಡಲ್‌ಗೆ ಪುಶ್ ರಾಡ್ ಸೇರಿಸೋ ಪಿನ್) ಅಲ್ಲಾಡಿಸಿ ನೋಡಿ. ಪಿನ್ ತೂತು 1 ಮಿ.ಮೀ. ಸವೆದಿದ್ರೆ ಪೆಡಲ್ ತುದಿಯಲ್ಲಿ 5-6 ಮಿ.ಮೀ. ಸುಮ್ಮನೆ ದಂಡ.

ಯಶವಂತಪುರ ಲೋಡ್:

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ. ತಣ್ಣಗಿದ್ದಾಗ 14 ಮಿ.ಮೀ. ಬಿಸಿಯಲ್ಲಿ ಮೊದಲ ಒತ್ತಿಗೆ 8, ಪಂಪ್ ಮಾಡಿದ್ರೆ 13. ಒತ್ತಿ ಹಿಡಿದ್ರೆ 30 ಸೆಕೆಂಡಲ್ಲಿ 5 ಮಿ.ಮೀ. ವಾಪಸ್ ಜಾರುತ್ತೆ. ಪ್ಲಗ್ ಹಾಕಿದ ಮೇಲೂ ಪೆಡಲ್ ಕೂರುತ್ತೆ. ಮ್ಯಾಟ್ ಕೆಳಗೆ ಜಿಡ್ಡಿದೆ, ಪೆಡಲ್ ಬ್ರಾಕೆಟ್ ಪೇಂಟ್ ಚಕ್ಕೆ ಚಕ್ಕೆ ಎದ್ದಿದೆ. ಸ್ಲೇವ್ ಬೂಟ್ ಒಳಗೆ ಬರೀ ಧೂಳು. ಹೋಸ್ ಮೇಲೆ ಬಿರುಕುಗಳಿವೆ.

ಮಾಸ್ಟರ್‌ಗೆ ಕಿಟ್ (ರಬ್ಬರ್ ಸೀಲ್ ಸೆಟ್) ಹಾಕಿದ್ರೆ ಸಾಕಾ, ಪೂರ್ತಿ ಹೊಸದು ಬೇಕಾ?

ಜೆಸಿ ರೋಡ್ ಗಿರಾಕಿ:

ಮಾಸ್ಟರೇ. ಒಳಗಿನ ಕಪ್ಪೂ ಹೋಗಿದೆ, ಹಿಂದಿನ ಸೀಲೂ ಹೋಗಿದೆ. ಗಿಯರ್ ಬಾಕ್ಸ್ ಮಾತು ಬಿಡಿ.

ಕಿಟ್ಟಾ ಹೊಸದಾ ಅನ್ನೋದು ಬೋರ್ (ಸಿಲಿಂಡರ್ ಒಳಗೋಡೆ) ನೋಡಿ ಹೇಳಬೇಕು. ಬಿಚ್ಚಿ, ಸ್ಪಿರಿಟ್ಟಲ್ಲೋ ಹೊಸ ಬ್ರೇಕ್ ಆಯಿಲಲ್ಲೋ ತೊಳೆದು, ಟಾರ್ಚ್ ಹಾಕಿ ನೋಡಿ. ಪೆಟ್ರೋಲ್, ಡೀಸೆಲ್ ಹತ್ತಿರಕ್ಕೂ ಬರಕೂಡದು, ಹೊಸ ಕಪ್ ಊದಿಕೊಂಡು ಜಾಮ್ ಆಗುತ್ತೆ. ಬೋರ್ ಕನ್ನಡಿ ಥರ ಇದ್ರೆ ಕಿಟ್ ಸಾಕು. ಬೀಡು ಕಬ್ಬಿಣದ ಬೋರಲ್ಲಿ ಸಣ್ಣ ಗೆರೆ ಇದ್ರೆ 600 ನಂಬರ್ ವಾಟರ್ ಪೇಪರ್‌ಗೆ ಬ್ರೇಕ್ ಆಯಿಲ್ ಹಚ್ಚಿ, ಸುತ್ತ ತಿರುಗಿಸುತ್ತಾ ಉಜ್ಜಿ. ಉದ್ದಕ್ಕೆ ಎಳೀಬೇಡಿ, ಉದ್ದ ಗೆರೆ ಬಿದ್ರೆ ಅದೇ ಸೋರೋಕೆ ದಾರಿ. ಉಗುರಿಗೆ ಸಿಗೋ ಹೊಂಡ ಇದ್ರೆ ಎಸೆಯಿರಿ. ಅಲ್ಯೂಮಿನಿಯಂ ಬಾಡಿ ಆದ್ರೆ ಉಜ್ಜೋ ಮಾತೇ ಬೇಡ: ಒಳಗೆ ಗಟ್ಟಿ ಲೇಪನ ಇರುತ್ತೆ, ಅದು ಹೋದ್ರೆ ಹೊಸ ಕಪ್ ಬೇಗ ಸವೆದುಹೋಗುತ್ತೆ. ಲೇತಲ್ಲಿ ಸ್ಲೀವ್ ಹೊಡೆಸಬಹುದು, ಆದ್ರೆ ಪಾರ್ಟ್ ಸಿಗುವ ಗಾಡಿಗೆ ಅದು ಯಾಕೆ?

ನಿಮ್ಮ ಗಾಡಿಗೆ ನನ್ನ ಓಟು ಹೊಸ ಅಸೆಂಬ್ಲಿಗೆ. ಇಷ್ಟು ಕಪ್ಪು ಆಯಿಲ್ ಅಂದ್ರೆ ಒಳಗೆ ರಬ್ಬರ್ ಪುಡಿ ಕಟ್ಟಿದೆ, ನೀರು ಸೇರಿ ತುಕ್ಕೂ ಹಿಡಿದಿರುತ್ತೆ. ಜೊತೆಗೆ ಹೋಸ್ ತಗೊಳ್ಳಿ. ಸ್ಲೇವ್‌ಗೆ ಕಿಟ್ ಹಾಕಿಬಿಡಿ, ಸದ್ಯ ಸೋರದಿದ್ರೂ. ಹೊಸ ಮಾಸ್ಟರ್ ಪೂರ್ತಿ ಪ್ರೆಶರ್ ಕೊಡೋಕೆ ಶುರು ಮಾಡಿದಾಗ ಹಳೇ ಸ್ಲೇವ್ ಕಪ್ ಬಾಯಿ ಬಿಡೋದು ಗ್ಯಾರೇಜುಗಳಲ್ಲಿ ಮಾಮೂಲು.

ಹಳೇ ಮಾಸ್ಟರನ್ನ ಕೈಯಲ್ಲಿ ಹಿಡ್ಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರೋಡ್‌ಗೆ ಹೋಗಿ. ಗಾಡಿ ಹೆಸರು ಹೇಳಿ ತಂದ್ರೆ ಯಾವುದೋ ವರ್ಷದ್ದು ಕೊಡ್ತಾರೆ. ಬಾಡಿ ಮೇಲೆ ಬೋರ್ ಅಳತೆ ಎರಕದಲ್ಲೇ ಇರುತ್ತೆ: 15.87, 19.05, 20.64, 22.22 ಹೀಗೆ. ಅದು ಹೊಂದಲೇಬೇಕು. ಸ್ಲೇವ್ ಕೂಡ ಅಷ್ಟೇ. 19.05ರ ಸ್ಲೇವ್ ಜಾಗಕ್ಕೆ 22.22 ಹಾಕಿದ್ರೆ ಪೆಡಲ್ ಹಗುರ ಆಗುತ್ತೆ, ಗಿರಾಕಿಗೆ ಖುಷಿ. ಆದ್ರೆ 15 ಮಿ.ಮೀ. ಬರ್ತಿದ್ದ ಪುಶ್ ರಾಡ್ 11ಕ್ಕೆ ಇಳಿಯುತ್ತೆ, ಯಾಕಂದ್ರೆ ಲೆಕ್ಕ ವ್ಯಾಸದ್ದಲ್ಲ, ವ್ಯಾಸದ ವರ್ಗದ್ದು. ಆಮೇಲೆ ಎಷ್ಟು ಏರ್ ತೆಗೆದ್ರೂ ಗಿಯರ್ ಬೀಳಲ್ಲ.

ಆಯಿಲ್: ಬ್ರೇಕ್ ಆಯಿಲ್‌ನ ದರ್ಜೆ ಡಾಟ್ 3 ಅಥವಾ ಡಾಟ್ 4, ಮುಚ್ಚಳದ ಮೇಲೆ ಏನಿದೆಯೋ ಅದು. ಅರ್ಧ ಲೀಟರ್ ಸೀಲ್ ಬಾಟಲ್ ಸಾಕು, ಹಳೇದೆಲ್ಲಾ ತೊಳೆದುಹೋಗೋವರೆಗೂ ಬರುತ್ತೆ. ತೆರೆದಿಟ್ಟ ಬಾಟಲ್ ಬೇಡ, ಗಾಳಿಯ ತೇವ ಹೀರುತ್ತೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ ಮೇಲೆ 140ಕ್ಕೆ ಇಳಿಯಬಹುದು. ಸ್ಲೇವ್ ಎಕ್ಸಾಸ್ಟ್ ಪಕ್ಕದಲ್ಲಿದ್ದು ಅಡ್ಡ ತಗಡು ಬಿದ್ದುಹೋಗಿದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲೇ ಅದರ ರುಚಿ ಸಿಗುತ್ತೆ. ಪವರ್ ಸ್ಟಿಯರಿಂಗ್ ಆಯಿಲ್, ಇಂಜಿನ್ ಆಯಿಲ್ ಒಂದು ಚಮಚ ಬಿದ್ರೂ ಎಲ್ಲಾ ರಬ್ಬರ್ ಬದಲಾಯಿಸಬೇಕು.

ಸ್ಪ್ಯಾನರ್ 10-11:

ಫಿಟ್ಟಿಂಗ್ ಬಗ್ಗೆ ಹೇಳ್ತೀನಿ. ಇಲ್ಲೇ ಹೆಚ್ಚು ಜನ ಎಡವೋದು.

ಮೊದಲು ರಿಸರ್ವಾಯರ್ ಆಯಿಲನ್ನ ಸಿರಿಂಜಲ್ಲಿ ಎಳೆದುಬಿಡಿ. ಕ್ಲಚ್ಚೂ ಬ್ರೇಕೂ ಒಂದೇ ರಿಸರ್ವಾಯರ್‌ನಿಂದ ಕುಡಿಯೋ ಗಾಡಿ ಆದ್ರೆ ಕ್ಲಚ್ ಪೈಪ್ ಮಟ್ಟದ ಕೆಳಗೆ ಇಳಿಸಬೇಡಿ, ಬ್ರೇಕ್‌ಗೂ ಗಾಳಿ ಹೋಗುತ್ತೆ. ಪೈಪ್ ನಟ್‌ಗೆ ಫ್ಲೇರ್ ನಟ್ ಸ್ಪ್ಯಾನರೇ ಹಾಕಿ; ಮಾಮೂಲಿ ಓಪನ್ ಸ್ಪ್ಯಾನರ್ ಮೂಲೆ ಸವೆಸುತ್ತೆ. ಹೊಸ ಮಾಸ್ಟರನ್ನ ಗಾಡಿಗೆ ಹಾಕೋಕೆ ಮುಂಚೆ ವೈಸಲ್ಲಿ ಹಿಡಿದು, ಆಯಿಲ್ ತುಂಬಿ, ಔಟ್‌ಲೆಟ್‌ಗೆ ಬೆರಳಿಟ್ಟು ಪಿಸ್ಟನ್ ಮೆಲ್ಲಗೆ ಒತ್ತಿ ಬಿಡಿ. ಒತ್ತುವಾಗ ಬೆರಳು ಸಡಿಲ, ಬಿಡುವಾಗ ಬಿಗಿ. ಗುಳ್ಳೆ ನಿಲ್ಲೋವರೆಗೂ.

ಏರ್ ತೆಗೆಯೋಕೆ ಸ್ಲೇವ್‌ನ ನಿಪ್ಪಲ್ (ಗಾಳಿ ಬಿಡೋ ಸ್ಕ್ರೂ) ಮೇಲ್ಮುಖ ಇರಬೇಕು. ಎಷ್ಟೋ ಗಾಡಿಯಲ್ಲಿ ಸ್ಲೇವ್ ಕೂತಿರೋ ರೀತಿಗೆ ಗಾಳಿ ಮುಂದಿನ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತೆ, ದಿನವಿಡೀ ಪಂಪ್ ಮಾಡಿದ್ರೂ ಬರಲ್ಲ. ಆಗ ಸ್ಲೇವ್‌ನ ಎರಡು ಬೋಲ್ಟ್ ಬಿಚ್ಚಿ, ಪೈಪ್ ಹಾಗೇ ಇಟ್ಟು, ನಿಪ್ಪಲ್ ಮೇಲೆ ಬರೋ ಹಾಗೆ ಓರೆ ಮಾಡಿ. ಪಿಸ್ಟನ್ನನ್ನ ಕೈಯಿಂದ ನಿಧಾನಕ್ಕೆ ಪೂರ್ತಿ ಒಳಗೆ ತಳ್ಳಿ, ರಿಸರ್ವಾಯರ್‌ನಲ್ಲಿ ಗುಳ್ಳೆ ಏಳುತ್ತೆ. ಗುಳ್ಳೆ ನಿಲ್ಲೋವರೆಗೆ ತಳ್ಳಿ ಬಿಡ್ತಾ ಇರಿ. ಸ್ಲೇವ್ ಬಿಚ್ಚಿದಾಗ ಯಾರೂ ಪೆಡಲ್ ಮುಟ್ಟಕೂಡದು, ಪಿಸ್ಟನ್ ಆಚೆ ಹಾರುತ್ತೆ.

ಆಮೇಲೆ ಮಾಮೂಲಿ ವಿಧಾನ. ನಿಪ್ಪಲ್‌ಗೆ ಪಾರದರ್ಶಕ ಪೈಪ್, ಇನ್ನೊಂದು ತುದಿ ಆಯಿಲ್ ಇರೋ ಬಾಟಲ್ಲಲ್ಲಿ ಮುಳುಗಿರಲಿ. ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಬಿಚ್ಚು, ಮುಚ್ಚು, ಆಮೇಲೆ ಪೆಡಲ್ ಬಿಡು. ಮುಚ್ಚೋಕೆ ಮೊದಲು ಪೆಡಲ್ ಬಿಟ್ರೆ ಗಾಳಿ ವಾಪಸ್. ಪಟಪಟ ಪಂಪ್ ಮಾಡಬೇಡಿ, ಆಯಿಲ್ ನೊರೆ ಆಗುತ್ತೆ. ರಿಸರ್ವಾಯರ್ ಅರ್ಧಕ್ಕಿಂತ ಇಳಿಯದ ಹಾಗೆ ತುಂಬ್ತಾ ಇರಿ.

ಮಾಸ್ಟರ್ ಪುಶ್ ರಾಡ್‌ಗೂ ಪಿಸ್ಟನ್‌ಗೂ ನಡುವೆ 1 ಮಿ.ಮೀ.ನಷ್ಟು ಸಡಿಲ ಬಿಡಿ. ಇನ್ನೂ ಚೆನ್ನಾಗಿ ಬಿಡಲಿ ಅಂತ ರಾಡ್ ಬಿಗಿ ಮಾಡಿದ್ರೆ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ರಿಸರ್ವಾಯರ್‌ಗೆ ತೆರೆಯೋ ಸಣ್ಣ ತೂತು ಮುಚ್ಚಿಕೊಂಡೇ ಇರುತ್ತೆ. ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಹೋಗೋಕೆ ಜಾಗ ಇಲ್ಲದೆ ಕ್ಲಚ್ಚನ್ನ ತಾನೇ ಒತ್ತಿ ಹಿಡಿಯುತ್ತೆ. ಒಳ್ಳೇ ಪ್ಲೇಟ್ ಸ್ಲಿಪ್ ಆಗಿ ಸುಟ್ಟುಹೋಗುತ್ತೆ.

ಡಬಲ್ ಡಿಕ್ಲಚ್:

ಇಷ್ಟೆಲ್ಲಾ ಆಗಿ, ಪುಶ್ ರಾಡ್ ಬಿಸಿಯಲ್ಲೂ ಪೂರ್ತಿ ಬಂದು, ಆಗಲೂ ರಿವರ್ಸ್ ಕರ್ ಅಂದ್ರೆ ಮಾತ್ರ ಗಿಯರ್ ಬಾಕ್ಸ್ ಇಳಿಸೋ ಮಾತು. ಆಗ ಸಂಶಯ ಪೈಲಟ್ ಬೇರಿಂಗ್ (ಗಿಯರ್ ಬಾಕ್ಸ್ ಶಾಫ್ಟಿನ ತುದಿ ಕೂರೋ ಬೇರಿಂಗ್) ಹಿಡಿದಿರೋದು, ಪ್ಲೇಟ್ ಸ್ಪ್ಲೈನ್ (ಪ್ಲೇಟ್ ಜಾರೋ ಹಲ್ಲುಗಳು) ತುಕ್ಕು ಹಿಡಿದು ಜಾರದಿರೋದು, ಫೋರ್ಕ್ ಬಿರುಕು ಬಿಟ್ಟಿರೋದು ಅಥವಾ ಅದರ ಪಿವಟ್ ಬಾಲ್ ಸವೆದಿರೋದು. ಪರೀಕ್ಷೆ: ಐಡಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿ, 10 ಸೆಕೆಂಡ್ ಕಾದು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ರೆ ಕ್ಲಚ್ ಬಿಡುತ್ತಿದೆ.

ಯಶವಂತಪುರ ಲೋಡ್:

ಮಾಸ್ಟರ್, ಹೋಸ್ ಹೊಸದು, ಸ್ಲೇವ್‌ಗೆ ಕಿಟ್. ತಣ್ಣಗೆ 15.5, ಬಿಸಿಯಲ್ಲಿ 15. ಒತ್ತಿ ಹಿಡಿದ್ರೆ ಜಾರಲ್ಲ. ಹತ್ತು ಸೆಕೆಂಡ್ ಕಾದು ಹಾಕಿದ್ರೆ ರಿವರ್ಸ್ ಸದ್ದಿಲ್ಲದೆ ಬೀಳುತ್ತೆ. ಆದ್ರೆ ಪೆಡಲ್ ಮೇಲೆ ಬರೋದು ಕೊನೆಯ ಒಂದು ಇಂಚು ನಿಧಾನ. ಇದು ಏನು?

ಸ್ಪ್ಯಾನರ್ 10-11:

ಪೆಡಲ್ ರಿಟರ್ನ್ ಸ್ಪ್ರಿಂಗ್ ಮತ್ತು ಬುಷ್ ನೋಡಿ. ಹಳೇ ಸೋರಿಕೆಯ ಆಯಿಲ್ ಬುಷ್‌ನ ಗ್ರೀಸನ್ನ ತೊಳೆದಿರುತ್ತೆ. ಪಿನ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ. ಬ್ರಾಕೆಟ್ಟನ್ನೂ ನೀರಲ್ಲಿ ತೊಳೆದು ಒಣಗಿಸಿ ಪೇಂಟ್ ಹೊಡೀರಿ, ಇಲ್ಲಾಂದ್ರೆ ಮಳೆಗಾಲಕ್ಕೆ ತುಕ್ಕು. ಪೆಡಲನ್ನ ಕೈಯಲ್ಲಿ ಮೇಲಕ್ಕೆ ಎತ್ತಿದಾಗ ತುದಿಯಲ್ಲಿ ಪುಶ್ ರಾಡ್‌ನ ಆ 1 ಮಿ.ಮೀ. ಸಡಿಲ ಸಿಗ್ತಿದೆಯಾ ಅಂತ ಇನ್ನೊಂದು ಸಲ ನೋಡಿ. ಸಿಗದಿದ್ರೆ ಲೋಡ್ ಹಾಕೋಕೆ ಮುಂಚೆ ರಾಡ್ ಲಾಕ್ ನಟ್ ಸಡಿಲ ಮಾಡಿ ಅರ್ಧ ಸುತ್ತು ಹಿಂದೆ ತನ್ನಿ.